ನೇಪಾಳದಲ್ಲಿ ಭೂಕಂಪವಾದಾಗ ದೂರದಲ್ಲಿರುವ ನಾವು ಏನು ಮಾಡಬಹುದು?

ನೇಪಾಳವನ್ನು ಹಚ್ಚಿಕೊಂಡ ಕನ್ನಡಿಗರು ಕಡಿಮೆ ಏನಿಲ್ಲ. ಮುಕ್ತಿನಾಥ ಯಾತ್ರೆ ಮಾಡಿ ಬಂದವರಿದ್ದಾರೆ. ಅನ್ನಪೂರ್ಣದ ಕಡೆ ಚಾರಣಕ್ಕೆ ಹೋಗಿ ಮತ್ತೆ ಮತ್ತೆ ಹೋಗುವವರಿದ್ದಾರೆ. ಪೋಖರಾದ ಮಣಿಪಾಲ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದವರಿದ್ದಾರೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಎಷ್ಟೋ ತಲೆಮಾರುಗಳಿಂದ ನಮ್ಮ ಕಡೆಯಿಂದಲೇ ಹೋಗುತ್ತಾರೆ. ಇನ್ನು ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನೇಪಾಳಿಗಳನ್ನು ನಾವು ದಿನಾ ನೋಡುತ್ತೇವೆ. ಅಲ್ಲಿ ನೆಲ ನಡುಗಿದ ಸುದ್ದಿ ಬಂದರೆ ಇಲ್ಲಿ ಕೈಕಾಲು ಆಡುವುದಿಲ್ಲ. ಏನಾದರೂ ಮಾಡಬೇಕು ಅನ್ನಿಸುತ್ತದೆ. ಏನು ಅಂತ ತಿಳಿಯುವುದಿಲ್ಲ.

ನಾನು ಬಹಳ ವರ್ಷಗಳಿಂದ ನೇಪಾಳಕ್ಕೆ ಹೋಗಿಬರುತ್ತಿದ್ದೇನೆ. ಅಲ್ಲಿ ನನಗೆ ಮನೆಯವರಂಥ ಸ್ನೇಹಿತರಿದ್ದಾರೆ. ಅವರಿಂದ ಕಲಿತ ಮುಖ್ಯ ವಿಷಯ ಒಂದೇ: ದೂರದಿಂದ ಬರುವ ಸಹಾಯಕ್ಕೆ ಹೊತ್ತು ಬಹಳ ಮುಖ್ಯ. ಮೊದಲ ದಿನ ಬೇಕಾದ್ದು ಬೇರೆ, ಮೂರನೇ ವಾರ ಬೇಕಾದ್ದು ಬೇರೆ, ಎರಡನೇ ವರ್ಷ ಬೇಕಾದ್ದು ಬೇರೆ. ನಾವೆಲ್ಲ ಮೊದಲ ವಾರದಲ್ಲೇ ಇದ್ದಬದ್ದದ್ದನ್ನೆಲ್ಲ ಕೊಟ್ಟು, ಎರಡನೇ ತಿಂಗಳಿಗೆ ಮರೆತುಬಿಡುತ್ತೇವೆ. ಅದಕ್ಕೇ ಈ ಮಾರ್ಗದರ್ಶಿಯನ್ನು ಗಂಟೆ, ದಿನ, ತಿಂಗಳುಗಳ ಕ್ರಮದಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ 2015ರವು. ಆ ವರ್ಷ ಏಪ್ರಿಲ್ 25ರ ಶನಿವಾರ, ಅಲ್ಲಿನ ಸಮಯ ಬೆಳಿಗ್ಗೆ 11:56ಕ್ಕೆ, ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ 7.8 ತೀವ್ರತೆಯ ಭೂಕಂಪವಾಯಿತು. ಸುಮಾರು 9,000 ಜನ ತೀರಿಕೊಂಡರು. ಸುಮಾರು 5 ಲಕ್ಷ ಮನೆಗಳು ಪೂರ್ತಿ ನೆಲಸಮವಾದವು. ನೇಪಾಳದಲ್ಲಿ ವಾರದ ರಜೆ ಶನಿವಾರ. ಮಕ್ಕಳು ಶಾಲೆಯಲ್ಲಿರಲಿಲ್ಲ ಅನ್ನುವುದೊಂದೇ ಆ ದಿನದ ಪುಣ್ಯ.

ಮೊದಲ ಗಂಟೆಗಳು: ಕರೆ ಮಾಡಬೇಡಿ, ಮೆಸೇಜ್ ಕಳಿಸಿ

ಭೂಕಂಪವಾದ ಕೂಡಲೇ ಎಲ್ಲರೂ ಎಲ್ಲರಿಗೂ ಫೋನ್ ಮಾಡುತ್ತಾರೆ. ನೆಟ್‌ವರ್ಕ್ ತುಂಬಿಹೋಗುತ್ತದೆ. ಅವಶೇಷದ ಕೆಳಗೆ ಸಿಕ್ಕಿಕೊಂಡವರ ಕರೆಯೂ ಅದೇ ಟವರಿನಿಂದಲೇ ಹೋಗಬೇಕು, ಅಲ್ವಾ? ಆದ್ದರಿಂದ ಸಾದಾ ಎಸ್‌ಎಂಎಸ್ ಕಳಿಸಿ. ಇಂಟರ್‌ನೆಟ್ ಇಲ್ಲದಿದ್ದರೂ ಅದು ಕಾದು ಕುಳಿತು ತಲುಪುತ್ತದೆ. ನಂಬರಿನ ಮುಂದೆ 977 ಇರಲಿ. ಮೆಸೇಜ್ ಚಿಕ್ಕದಾಗಿರಲಿ: "ಕ್ಷೇಮವಾ? ಒಂದು ಪದ ಸಾಕು." ಉತ್ತರ ಬರಲಿಲ್ಲ ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳಬೇಡಿ. ಕರೆಂಟ್ ಹೋಗಿರುತ್ತದೆ, ಅವರ ಫೋನಿನ ಚಾರ್ಜ್ ಅವರಿಗೆ ಬೇಕು.

ಒಂದೇ ಕುಟುಂಬವನ್ನು ಬಲ್ಲವರು ನೀವು ನಾಲ್ಕು ಜನ ಇದ್ದರೆ, ಒಬ್ಬರು ಮಾತ್ರ ಸಂಪರ್ಕ ಮಾಡಿ. ಉಳಿದವರಿಗೆ ಆ ಒಬ್ಬರು ತಿಳಿಸಲಿ. ಫೇಸ್‌ಬುಕ್‌ನಲ್ಲಿ "ನಾನು ಸುರಕ್ಷಿತ" ಅಂತ ಗುರುತು ಹಾಕುವ ವ್ಯವಸ್ಥೆ ಇದೆ. ಮೊದಲು ಅದನ್ನು ನೋಡಿ. ದಿನಗಳು ಕಳೆದರೂ ಸುಳಿವು ಸಿಗದಿದ್ದರೆ ರೆಡ್‌ಕ್ರಾಸ್‌ನವರು ಕಳೆದುಹೋದ ಬಂಧುಗಳನ್ನು ಹುಡುಕಿಕೊಡುವ ಕೆಲಸ ಮಾಡುತ್ತಾರೆ. ಅವರಲ್ಲಿ ಹೆಸರು ದಾಖಲಿಸಬಹುದು.

ನಮ್ಮವರೇ ಯಾತ್ರೆಗೋ ಚಾರಣಕ್ಕೋ ಹೋಗಿ ಸಿಕ್ಕಿಕೊಂಡಿದ್ದರೆ ದಾರಿ ಬೇರೆ. ಕಠ್ಮಂಡುವಿನ ಲೈನ್‌ಚೌರ್‌ನಲ್ಲಿ ಭಾರತದ ರಾಯಭಾರ ಕಚೇರಿ ಇದೆ. ದುರಂತವಾದಾಗ ಅವರು ಸಹಾಯವಾಣಿ ನಂಬರುಗಳನ್ನು ಪ್ರಕಟಿಸುತ್ತಾರೆ. ಕರ್ನಾಟಕದಲ್ಲಿ ವಿಪತ್ತು ಸಹಾಯವಾಣಿ 1070. ಕರೆ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ: ಪೂರ್ತಿ ಹೆಸರು, ವಯಸ್ಸು, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ನಂಬರ್, ಕೊನೆಯ ಸಲ ಮಾತಾಡಿದ ಊರು ಮತ್ತು ಸಮಯ, ಗೈಡ್ ಅಥವಾ ಟ್ರಾವೆಲ್ಸ್‌ನವರ ಹೆಸರು, ತೆಗೆದುಕೊಳ್ಳುತ್ತಿರುವ ಔಷಧಿ. "ಅಣ್ಣ ನೇಪಾಳಕ್ಕೆ ಹೋಗಿದ್ದ" ಅಂದರೆ ಯಾರೂ ಹುಡುಕಲು ಆಗುವುದಿಲ್ಲ. "23ನೇ ತಾರೀಕು ಸಂಜೆ ಲಾಂಗ್‌ಟಾಂಗ್ ಕಣಿವೆಯ ಈ ಊರಿನಲ್ಲಿದ್ದ" ಅಂದರೆ ಹುಡುಕಬಹುದು. ಸಮಯ ಹೇಳುವಾಗ ನೆನಪಿಡಿ, ನೇಪಾಳ ನಮಗಿಂತ 15 ನಿಮಿಷ ಮುಂದೆ.

ಮೊದಲ ದಿನ: ಸುದ್ದಿಯನ್ನು ಸೋಸಿ

2015ರಲ್ಲಿ ಒಂದು ಫೋಟೋ ಎಲ್ಲರ ಫೋನಿಗೂ ಬಂದಿತ್ತು. ಪುಟ್ಟ ಅಣ್ಣ ತಂಗಿಯನ್ನು ತಬ್ಬಿಕೊಂಡು ಕುಳಿತಿದ್ದಾನೆ, ನೇಪಾಳದ ಅನಾಥ ಮಕ್ಕಳು ಅಂತ ಬರಹ. ಆ ಚಿತ್ರ ವಿಯೆಟ್ನಾಂನದ್ದು, ಭೂಕಂಪಕ್ಕೂ ಸುಮಾರು ಎಂಟು ವರ್ಷ ಹಿಂದೆ ತೆಗೆದದ್ದು. ಕಠ್ಮಂಡುವಿನ ಹೋಟೆಲಿನ ಈಜುಕೊಳ ಅಂತ ಹರಿದಾಡಿದ ವಿಡಿಯೋ ಮೆಕ್ಸಿಕೋದ್ದು. ಮನಸ್ಸು ಕಲಕಿದಾಗ ಬೆರಳು ತಾನಾಗಿಯೇ ಫಾರ್ವರ್ಡ್ ಒತ್ತುತ್ತದೆ. ಆದರೆ ಅಲ್ಲಿ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಕುಳಿತವರಿಗೂ ಅದೇ ಫಾರ್ವರ್ಡ್ ತಲುಪುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು "ರಾತ್ರಿ ಇಷ್ಟು ಗಂಟೆಗೆ ಇನ್ನೂ ದೊಡ್ಡದು ಬರುತ್ತದೆ, ನಾಸಾ ಹೇಳಿದೆ" ಅನ್ನುವ ಮೆಸೇಜು. ಭೂಕಂಪದ ದಿನ, ಗಂಟೆಯನ್ನು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ನಾಸಾ ಹತ್ತಿರವೂ ಇಲ್ಲ. ಆದರೆ ದೊಡ್ಡ ಭೂಕಂಪದ ನಂತರ ವಾರಗಟ್ಟಲೆ, ತಿಂಗಳುಗಟ್ಟಲೆ ಮರುಕಂಪನಗಳು ಬರುವುದು ನಿಜ. 2015ರ ಮೇ 12ಕ್ಕೆ 7.3 ತೀವ್ರತೆಯದ್ದು ಬಂತು. ಆಗತಾನೆ ಮನೆಯೊಳಗೆ ಮಲಗಲು ಧೈರ್ಯ ಮಾಡಿದ್ದ ಜನ ಮತ್ತೆ ಹೊರಗೆ ಬಂದರು. ಆದ್ದರಿಂದ ನಿಮ್ಮ ಸ್ನೇಹಿತರಿಗೆ "ಇನ್ನೇನೂ ಆಗಲ್ಲ, ಒಳಗೆ ಹೋಗಿ ಮಲಗಿ" ಅಂತ ಇಲ್ಲಿ ಕುಳಿತು ಸಮಾಧಾನ ಹೇಳಬೇಡಿ. ಅದು ಅವರ ಮನೆಯ ಗೋಡೆಯನ್ನು ನೋಡಿದವರು ಹೇಳಬೇಕಾದ ಮಾತು.

ನಂಬಬಹುದಾದ್ದು: ನೇಪಾಳದ ರಾಷ್ಟ್ರೀಯ ಭೂಕಂಪ ಮಾಪನ ಕೇಂದ್ರ, ಅಲ್ಲಿನ ವಿಪತ್ತು ನಿರ್ವಹಣಾ ಪ್ರಾಧಿಕಾರ, ಕಠ್ಮಂಡು ಪೋಸ್ಟ್‌ನಂಥ ಅಲ್ಲಿನ ಪತ್ರಿಕೆಗಳು. ನೇಪಾಳಿ ಭಾಷೆ ದೇವನಾಗರಿಯಲ್ಲೇ ಇರುವುದರಿಂದ ಹಿಂದಿ ಓದಲು ಬರುವವರಿಗೆ ಸೇತೋಪಾಟಿ, ಆನ್‌ಲೈನ್ ಖಬರ್ ಸುದ್ದಿಗಳು ಅರ್ಧಕ್ಕರ್ಧ ಅರ್ಥವಾಗುತ್ತವೆ.

ಅದೇ ದಿನ: ನಿಮ್ಮ ಬೀದಿಯ ನೇಪಾಳಿಯನ್ನು ಕೇಳಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹೆಜ್ಜೆ. ಹೆಚ್ಚಿನವರಿಗೆ ಹೊಳೆಯದೇ ಇರುವುದೂ ಇದೇ. ಸಾವಿರಾರು ಮೈಲಿ ದೂರದವರಿಗೆ ಹಣ ಕಳಿಸುವ ದಾರಿ ಹುಡುಕುತ್ತೇವೆ. ಗೇಟಿನಲ್ಲಿ ನಿಂತ ಮನುಷ್ಯ ಊರಿಗೆ ಫೋನ್ ಸಿಗದೆ ಒದ್ದಾಡುತ್ತಿರುತ್ತಾನೆ.

ಬೆಂಗಳೂರಿನ ಬಹಳಷ್ಟು ನೇಪಾಳಿಗಳು ಪಶ್ಚಿಮದ ಬಡ ಗುಡ್ಡಗಾಡು ಜಿಲ್ಲೆಗಳವರು: ಅಛಾಮ್, ಬಾಜುರಾ, ಡೋಟಿ ಕಡೆಯವರು. ಮೊದಲು ಯಾವ ಜಿಲ್ಲೆ ಅಂತ ಕೇಳಿ. ನೇಪಾಳ ಅಂದರೆ ಕಠ್ಮಂಡು ಮಾತ್ರ ಅಲ್ಲ. 2023ರ ನವೆಂಬರ್ 3ರ ರಾತ್ರಿ ಪಶ್ಚಿಮದ ಜಾಜರ್‌ಕೋಟ್‌ನಲ್ಲಿ ಭೂಕಂಪವಾಗಿ 150ಕ್ಕೂ ಹೆಚ್ಚು ಜನ ಸತ್ತರು. ಕಠ್ಮಂಡುವಿನವರು ಕ್ಷೇಮವಾಗಿದ್ದರು. ಆದರೆ ನಮ್ಮ ಊರುಗಳಲ್ಲಿ ದುಡಿಯುವ ಎಷ್ಟೋ ಜನರ ಬಂಧುಬಳಗ ಇರುವುದು ಆ ಸುತ್ತಮುತ್ತಲೇ.

"ಏನಾದ್ರೂ ಬೇಕಿದ್ರೆ ಹೇಳು" ಅಂದರೆ ಯಾರೂ ಹೇಳುವುದಿಲ್ಲ. ಸಂಕೋಚ ಇರುತ್ತದೆ. ನೀವೇ ಕೆಲಸವಾಗಿ ಮಾಡಿ. ಅವರ ಫೋನಿಗೆ ಅಂತಾರಾಷ್ಟ್ರೀಯ ಕರೆಯ ರೀಚಾರ್ಜ್ ಹಾಕಿಸಿ. ಅಪಾರ್ಟ್‌ಮೆಂಟ್ ಸಂಘದಲ್ಲಿ ಮಾತಾಡಿ, ಊರಿಗೆ ಹೋಗಲು ಸಂಬಳ ಸಹಿತ ರಜೆ ಕೊಡಿಸಿ. ಅಡ್ವಾನ್ಸ್ ಅನ್ನುವುದು ಸಾಲ. ಮನೆ ಕಳೆದುಕೊಂಡವನಿಗೆ ಆದಷ್ಟೂ ಸಾಲ ಬೇಡ. ಬೆಂಗಳೂರಿನಿಂದ ಗೋರಖ್‌ಪುರಕ್ಕೆ ನೇರ ರೈಲಿದೆ, ಅಲ್ಲಿಂದ ಸುನೌಲಿ ಗಡಿ ಹತ್ತಿರ. ತತ್ಕಾಲ್ ಟಿಕೆಟ್ ಮಾಡಿಸುವುದು ನಮಗೆ ಫೋನಿನಲ್ಲೇ ಆಗುವ ಕೆಲಸ, ಅವರಿಗೆ ಅರ್ಧ ದಿನದ ಓಡಾಟ. ಹೊರಡುವವನ ಕೈಗೆ ನೋಟು ಕೊಡಿ. ಜೊತೆಗೆ ವಾಪಸ್ ಬಂದಾಗ ಕೆಲಸ ಇರುತ್ತದೆ ಅನ್ನುವ ಮಾತು ಕೊಡಿ. ಎಷ್ಟೋ ಜನ ಕೆಲಸ ಹೋಗುವ ಭಯಕ್ಕೇ ಅಪ್ಪ ಅಮ್ಮನನ್ನು ನೋಡಲು ಹೋಗದೆ ಉಳಿಯುತ್ತಾರೆ.

ಹೆಸರು ಹಿಡಿದು ಮಾತಾಡಿಸಿ. ದೊಡ್ಡವರಾದರೆ ದಾಯಿ (ಅಣ್ಣ), ದೀದಿ (ಅಕ್ಕ) ಅನ್ನಿ. "ಗೂರ್ಖಾ" ಅಂತ ಕೂಗಿದರೆ ಎಲ್ಲರಿಗೂ ಹಿಡಿಸುವುದಿಲ್ಲ.

ಮೊದಲ ವಾರ: ಹಣ, ಅದೂ ಮೂರು ಪಾಲು ಮಾಡಿ

ಎಷ್ಟು ಕೊಡಬೇಕು ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೀರೋ ಅದನ್ನು ಮೂರು ಪಾಲು ಮಾಡಿ. ಒಂದು ಪಾಲು ಈಗ. ಇನ್ನೊಂದು ಮಳೆಗಾಲ ಅಥವಾ ಚಳಿಗಾಲ ಶುರುವಾಗುವ ಮುಂಚೆ. ಮೂರನೆಯದು ಮುಂದಿನ ವರ್ಷ, ಮನೆ ಕಟ್ಟುವ ಹೊತ್ತಿಗೆ. ಮೊದಲ ವಾರ ಪ್ರಪಂಚವೆಲ್ಲ ಕೊಡುತ್ತಿರುತ್ತದೆ. ಆಮೇಲೆ ಕೊಡುವವರು ಕಡಿಮೆ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಗೊತ್ತಿರುವ ಕುಟುಂಬಕ್ಕೆ ನೇರವಾಗಿ ಕಳಿಸುವುದಾದರೆ, ರಿಸರ್ವ್ ಬ್ಯಾಂಕಿನ ಭಾರತ–ನೇಪಾಳ ಹಣ ರವಾನೆ ಸೌಲಭ್ಯ ಇದೆ. ನೆಫ್ಟ್ ಮೂಲಕವೇ ಹೋಗುತ್ತದೆ. ಅತ್ತ ಕಡೆ ನೇಪಾಳ ಎಸ್‌ಬಿಐ ಬ್ಯಾಂಕ್ ತಲುಪಿಸುತ್ತದೆ. 2021ರಲ್ಲಿ ಒಂದು ಸಲಕ್ಕೆ ಕಳಿಸುವ ಮಿತಿಯನ್ನು 2 ಲಕ್ಷ ರೂಪಾಯಿಗೆ ಏರಿಸಿದರು. ನಿಮ್ಮ ಶಾಖೆಯವರಿಗೆ ಇದು ಗೊತ್ತಿಲ್ಲದೇ ಇರಬಹುದು. ಹೆಸರು ಹೇಳಿ ಕೇಳಿ, ಈಗಿನ ಮಿತಿಯನ್ನೂ ವಿಚಾರಿಸಿ. ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ, ಇದು ಸ್ಥಿರ ದರ. ಯಾರಾದರೂ ಕಡಿಮೆ ಹೇಳಿದರೆ ಬೇರೆ ಕಡೆ ಹೋಗಿ. ಕಳಿಸುವ ಮುಂಚೆ ಅಲ್ಲಿನ ಬ್ಯಾಂಕ್ ಶಾಖೆ ತೆರೆದಿದೆಯಾ ಅಂತ ಕೇಳಿ.

ಸಂಸ್ಥೆಗೆ ಕೊಡುವುದಾದರೆ ನಾನು ಮೊದಲು ನೋಡುವುದು ಒಂದೇ: ಭೂಕಂಪಕ್ಕೆ ಮುಂಚೆ ಈ ಸಂಸ್ಥೆ ಅಲ್ಲಿತ್ತಾ? ನೇಪಾಳ ರೆಡ್‌ಕ್ರಾಸ್ 1963ರಿಂದ ಇದೆ. ಜಿಲ್ಲೆ ಜಿಲ್ಲೆಯಲ್ಲಿ ಅದರ ಸ್ವಯಂಸೇವಕರಿದ್ದಾರೆ. ಅಲ್ಲಿನ ಪ್ರಧಾನಮಂತ್ರಿ ವಿಪತ್ತು ನಿಧಿಯೂ ಇದೆ. ಬೇರೆ ಸಂಸ್ಥೆಯಾದರೆ ನೇಪಾಳದ ಸಮಾಜ ಕಲ್ಯಾಣ ಪರಿಷತ್ತಿನಲ್ಲಿ ನೋಂದಣಿ ಆಗಿದೆಯಾ, ಹಳೆಯ ಲೆಕ್ಕಪತ್ರ ಪ್ರಕಟಿಸಿದೆಯಾ, ಯಾವ ಜಿಲ್ಲೆಯ ಯಾವ ಊರಿನಲ್ಲಿ ಕೆಲಸ ಅಂತ ಹೇಳುತ್ತದೆಯಾ ನೋಡಿ. 2015ರಲ್ಲಿ ಭೂಕಂಪದ ಹೆಸರಿನಲ್ಲಿ ಹೊಸದಾಗಿ ತೆರೆದ ಖಾತೆಗಳ ಹಣವನ್ನು ಪ್ರಧಾನಮಂತ್ರಿ ನಿಧಿಗೆ ತರಬೇಕು ಅನ್ನುವ ಸೂಚನೆ ಹೊರಟು, ದೊಡ್ಡ ಗೊಂದಲವಾಗಿತ್ತು. ಹಳೆಯ ಖಾತೆ ಇರುವ ಹಳೆಯ ಸಂಸ್ಥೆ ವಾಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ವಾಟ್ಸಾಪಿನಲ್ಲಿ ಬರುವ ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ, ಕಳಿಸಿದವರು ಎಷ್ಟೇ ಆಪ್ತರಾಗಿರಲಿ. ಅವರೂ ಫಾರ್ವರ್ಡ್ ಮಾಡಿದ್ದೇ ಇರುತ್ತದೆ. ಹೊರದೇಶದ ಸಂಸ್ಥೆಗೆ ನೇರ ಕೊಟ್ಟ ದಾನಕ್ಕೆ ಭಾರತದಲ್ಲಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಡಿಇಸಿ ಅನ್ನುವ ಅಲ್ಲಿನ ಪರಿಹಾರ ಸಂಸ್ಥೆಗಳ ಒಕ್ಕೂಟದ ಮನವಿಗೆ ಕೊಟ್ಟರೆ, ಗಿಫ್ಟ್ ಏಡ್ ಅಂತ ಗುರುತು ಹಾಕಲು ಮರೆಯಬೇಡಿ. ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರ ಸೇರಿಸುತ್ತದೆ. ಅಮೆರಿಕದಲ್ಲಿರುವವರು ನಿಮ್ಮ ಕಂಪನಿ ಸರಿಸಮ ಹಣ ಸೇರಿಸುತ್ತದಾ ಕೇಳಿ.

ಅಪಾರ್ಟ್‌ಮೆಂಟಿನಲ್ಲಿ, ಕನ್ನಡ ಸಂಘದಲ್ಲಿ ನೀವೇ ಚಂದಾ ಎತ್ತುತ್ತೀರಾದರೆ ಇಬ್ಬರ ಹೆಸರಿನಲ್ಲಿ ಲೆಕ್ಕ ಇಡಿ, ಕಳಿಸಿದ ರಸೀದಿಯನ್ನು ಗುಂಪಿನಲ್ಲಿ ಹಾಕಿ. ಸಾಕು.

ಹಳೇ ಬಟ್ಟೆ ಬೇಡ, ಹೊರಟು ಹೋಗುವುದೂ ಬೇಡ

ನೇಪಾಳಕ್ಕೆ ಸಮುದ್ರ ಇಲ್ಲ. ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. 2015ರಲ್ಲಿ ಆ ರನ್‌ವೇ ಹಾಳಾಗಿ ಭಾರಿ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಪರಿಹಾರದ ಸಾಮಾನು ನಿಲ್ದಾಣದಲ್ಲಿ, ಸುಂಕದ ಕಟ್ಟೆಯಲ್ಲಿ ರಾಶಿ ಬಿದ್ದಿತ್ತು. ಗುಡ್ಡದ ಮೇಲಿನ ಊರುಗಳಲ್ಲಿ ಜನ ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ನಮ್ಮ ಹಳೇ ಸೀರೆ, ಶರ್ಟಿನ ಮೂಟೆ ಅಲ್ಲಿಗೆ ಹೋದರೆ ಔಷಧಿಯ ಪೆಟ್ಟಿಗೆಗೆ ಅಷ್ಟು ಜಾಗ ಕಡಿಮೆಯಾಗುತ್ತದೆ. ಕೊಡಬೇಕಾದ ವಸ್ತು ಇದ್ದರೆ ಬೀರ್‌ಗಂಜ್, ಭೈರಹವಾ, ನೇಪಾಲ್‌ಗಂಜ್‌ನಂಥ ಗಡಿ ಊರುಗಳಲ್ಲೇ ಕೊಂಡುಕೊಳ್ಳಲಿ. ಅಲ್ಲಿನ ಅಂಗಡಿಯವರಿಗೂ ವ್ಯಾಪಾರವಾಗುತ್ತದೆ. ನೀವು ಹಣ ಕಳಿಸಿದರೆ ಸಾಕು.

ಟಿಕೆಟ್ ತೆಗೆದು ಹೊರಟುಬಿಡುವ ಮನಸ್ಸಾಗುವುದು ಸಹಜ. ಆದರೆ ನೀವು ಹೋದರೆ ನಿಮಗೂ ನೀರು, ಊಟ, ಮಲಗಲು ಜಾಗ, ಕರೆದುಕೊಂಡು ಹೋಗಲು ಒಬ್ಬ ಮನುಷ್ಯ ಬೇಕು. ಮೂಳೆ ವೈದ್ಯರು, ಅರಿವಳಿಕೆ ತಜ್ಞರು, ರಕ್ಷಣಾ ತರಬೇತಿ ಇರುವವರು ತಂಡದ ಜೊತೆ, ಕರೆದರೆ ಹೋಗಲಿ. ಉಳಿದವರು ಇಲ್ಲೇ ಇರುವುದು ಉಪಕಾರ.

ಮನೆಯಲ್ಲೇ ಕುಳಿತು ಮಾಡುವ ಒಂದು ಒಳ್ಳೆಯ ಕೆಲಸ

ಹಣ ಇಲ್ಲದ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಿ. ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ನಕ್ಷೆಯನ್ನು ಜನರೇ ಸೇರಿ ಬರೆಯುತ್ತಾರೆ. ದುರಂತವಾದಾಗ ಅದರ ಹ್ಯುಮಾನಿಟೇರಿಯನ್ ತಂಡ, ಅಂದರೆ ಹಾಟ್, ಬಾಧಿತ ಪ್ರದೇಶವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹಂಚುತ್ತದೆ. 2015ರಲ್ಲಿ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಅನ್ನುವ ಅಲ್ಲಿನ ಸಂಸ್ಥೆಯ ಹುಡುಗ ಹುಡುಗಿಯರು ಈ ಕೆಲಸದ ಮುಂದಾಳತ್ವ ವಹಿಸಿದರು. ಜಗತ್ತಿನ ಸಾವಿರಾರು ಜನ ಮನೆಯಿಂದಲೇ ಕೈಜೋಡಿಸಿದರು. ರಕ್ಷಣಾ ತಂಡಗಳು ಆ ನಕ್ಷೆಗಳನ್ನು ಹಿಡಿದು ಊರುಗಳಿಗೆ ಹೋದವು.

ಮಾಡುವ ರೀತಿ ಹೀಗೆ. ಒಂದು ಉಚಿತ ಖಾತೆ ತೆರೆಯಿರಿ. ಹಾಟ್‌ನ ಟಾಸ್ಕಿಂಗ್ ಮ್ಯಾನೇಜರಿನಲ್ಲಿ ನೇಪಾಳದ ಯೋಜನೆ, ಅದರಲ್ಲೂ "ಹೊಸಬರಿಗೆ" ಅಂತ ಗುರುತಿರುವುದನ್ನು ಆರಿಸಿ. ಒಂದು ಚೌಕ ತೆಗೆದುಕೊಳ್ಳಿ. ಉಪಗ್ರಹ ಚಿತ್ರದಲ್ಲಿ ಕಾಣುವ ಪ್ರತಿ ಮನೆಯ ಸುತ್ತ ಗೆರೆ ಎಳೆಯಿರಿ, ಕಾಲುದಾರಿಗಳನ್ನು ಗುರುತಿಸಿ, ಸೇವ್ ಮಾಡಿ. ಅನುಭವಿಗಳು ಅದನ್ನು ಪರೀಕ್ಷಿಸುತ್ತಾರೆ. ಮೊಬೈಲಿಗಿಂತ ಮೌಸ್ ಇರುವ ಕಂಪ್ಯೂಟರ್ ಒಳ್ಳೆಯದು. ಅನುಮಾನ ಬಂದ ಆಕಾರವನ್ನು ಮನೆ ಅಂತ ಹಾಕಬೇಡಿ. ನೇಪಾಳದ ಗುಡ್ಡಗಳಲ್ಲಿ ಮೆಟ್ಟಿಲು ಗದ್ದೆಗಳು ಮೇಲಿನಿಂದ ಕಟ್ಟಡದ ಹಾಗೆ ಕಂಡು ಮೋಸ ಮಾಡುತ್ತವೆ. ಪುತ್ತೂರಿನಲ್ಲೋ ರಾಯಚೂರಿನಲ್ಲೋ ಕುಳಿತ ಕಾಲೇಜು ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಒಂದು ಇಡೀ ಊರನ್ನು ನಕ್ಷೆಗೆ ತರಬಹುದು.

ಅನಾಥ ಮಕ್ಕಳು ಅಂದಾಗ ಎಚ್ಚರ

"ಒಂದು ಮಗುವನ್ನು ತಂದು ಸಾಕ್ತೀನಿ" ಅನ್ನುವವರು ಒಳ್ಳೆಯ ಮನಸ್ಸಿನವರೇ. ಆದರೆ ಮಕ್ಕಳ ಸಾಗಾಣಿಕೆಯವರು ಕಾಯುವುದೂ ಇಂಥ ಹೊತ್ತಿಗೇ. 2015ರ ಭೂಕಂಪದ ನಂತರ ನೇಪಾಳ ಸರ್ಕಾರ ಹೊರದೇಶದವರ ದತ್ತು ಸ್ವೀಕಾರವನ್ನು ನಿಲ್ಲಿಸಿತು. ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ಅನುಮತಿ ಇಲ್ಲದೆ ಜಿಲ್ಲೆಯಿಂದ ಹೊರಗೆ ಕರೆದೊಯ್ಯಬಾರದು ಅಂತ ಆದೇಶ ಮಾಡಿತು. ಅನಾಥಾಲಯಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಇರುತ್ತಾರೆ. ಹಣ ಕೊಡುವುದಾದರೆ ಮಗು ತನ್ನ ಅಜ್ಜಿ, ಚಿಕ್ಕಪ್ಪನ ಜೊತೆ ಊರಲ್ಲೇ ಉಳಿದು ಶಾಲೆಗೆ ಹೋಗುವಂತೆ ಮಾಡುವ ಕೆಲಸಕ್ಕೆ ಕೊಡಿ.

ಮಾತಿನಲ್ಲಿ ಗೌರವ ಇರಲಿ

2015ರಲ್ಲಿ ಭಾರತದ ರಕ್ಷಣಾ ತಂಡಗಳು ಗಂಟೆಗಳಲ್ಲೇ ಅಲ್ಲಿಗೆ ತಲುಪಿದವು, ಪ್ರಾಣ ಉಳಿಸಿದವು. ಆದರೂ ಮೇ ಮೊದಲ ವಾರದಲ್ಲಿ "ಭಾರತೀಯ ಮಾಧ್ಯಮದವರೇ, ಮನೆಗೆ ಹೋಗಿ" ಅನ್ನುವ ಕೂಗು ನೇಪಾಳದಿಂದ ಟ್ವಿಟರ್ ತುಂಬ ಹಬ್ಬಿತು. ಮಗನನ್ನು ಕಳೆದುಕೊಂಡ ತಾಯಿಗೆ ಮೈಕ್ ಹಿಡಿದು "ಹೇಗನ್ನಿಸುತ್ತಿದೆ" ಅಂತ ಕೇಳಿದರೆ ಮತ್ತೇನಾಗುತ್ತದೆ? ನಾವೂ ಬರೆಯುವಾಗ ಯೋಚಿಸಬೇಕು. ನಾವು ಕೊಟ್ಟದ್ದನ್ನು ಎಣಿಸಿ ಹೇಳುವುದು, ನೇಪಾಳ ನಮ್ಮದೇ ಒಂದು ರಾಜ್ಯ ಅನ್ನುವ ಹಾಗೆ ಮಾತಾಡುವುದು ಅವರಿಗೆ ಆಳವಾಗಿ ನೋಯುತ್ತದೆ. ಮೊದಲ ರಾತ್ರಿ ಕೈಯಿಂದ ಕಲ್ಲು ಸರಿಸಿ ಜನರನ್ನು ಹೊರಗೆ ತೆಗೆದವರು ಹೆಚ್ಚಿನ ಕಡೆ ಪಕ್ಕದ ಮನೆಯವರೇ. ಸ್ನೇಹಿತರ ಜೊತೆ ಮಾತಾಡುವಾಗ ಚಿತ್ರ ಕಳಿಸು ಅನ್ನಬೇಡಿ. ಊಟ ಆಯ್ತಾ, ರಾತ್ರಿ ಎಲ್ಲಿ ಮಲಗಿದ್ರಿ, ಅಮ್ಮ ಹೇಗಿದ್ದಾರೆ ಅಂತ ಕೇಳಿ.

ಎರಡನೇ ತಿಂಗಳಿಂದ: ಈಗ ನಿಮ್ಮ ಸರದಿ

ಜೂನ್‌ನಲ್ಲಿ ನೇಪಾಳಕ್ಕೆ ಮುಂಗಾರು ಬರುತ್ತದೆ. ಬಿರುಕು ಬಿಟ್ಟ ಗುಡ್ಡಗಳು ಮಳೆಗೆ ಕುಸಿಯುತ್ತವೆ. ಆಗ ಬೇಕಾದ್ದು ತಗಡಿನ ಶೀಟು. ಜಾಜರ್‌ಕೋಟ್‌ನಲ್ಲಿ ಭೂಕಂಪ ಆದದ್ದು ನವೆಂಬರಿನಲ್ಲಿ, ಹಾಗಾಗಿ ಅಲ್ಲಿ ಬೇಕಾದ್ದು ಚಳಿ ತಡೆಯುವ ಸೂರು ಮತ್ತು ದಪ್ಪ ಕಂಬಳಿ. ಡೇರೆಗಳಲ್ಲಿ ಕಳೆದ ಆ ಚಳಿಗಾಲದಲ್ಲೂ ವಯಸ್ಸಾದವರು ಪ್ರಾಣ ಬಿಟ್ಟರು. ಎರಡನೇ ಪಾಲಿನ ಹಣ ಕಳಿಸುವ ಮುಂಚೆ ಮುಂದಿನ ಋತು ಯಾವುದು ಅಂತ ನೋಡಿ.

ಮನೆ ಕಟ್ಟುವುದು ಇನ್ನೂ ನಿಧಾನ. ಗುಡ್ಡದ ಊರುಗಳಲ್ಲಿ ಬಿದ್ದವು ಹೆಚ್ಚಾಗಿ ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ಮನೆಗಳು. 2015ರ ಡಿಸೆಂಬರಿನಲ್ಲಷ್ಟೇ ಮರುನಿರ್ಮಾಣ ಪ್ರಾಧಿಕಾರ ಕೆಲಸ ಶುರುಮಾಡಿತು. ಅದೇ ಹೊತ್ತಿಗೆ ದಕ್ಷಿಣದ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತುಹೋಗಿ ಇಂಧನ, ಔಷಧಿಗೂ ತತ್ವಾರವಾಗಿತ್ತು. ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಅನುದಾನ ಕಂತುಗಳಲ್ಲಿ ಬಂತು. ನಮ್ಮ ಲೆಕ್ಕದಲ್ಲಿ ಅದು 1,87,500 ರೂಪಾಯಿ. ಮೊದಲ ಕಂತಿನಲ್ಲಿ ಅಡಿಪಾಯ ಹಾಕಿ ಮುಗಿಸಿದರೆ ಮಾತ್ರ ಮುಂದಿನದು. ಕೈಯಲ್ಲಿ ಕಾಸಿಲ್ಲದವರು ಅಲ್ಲೇ ನಿಂತರು, ಇಲ್ಲವೇ ಸಾಲ ಮಾಡಿದರು. ಆದ್ದರಿಂದ ಗೊತ್ತಿರುವ ಕುಟುಂಬವಿದ್ದರೆ ಮೂರನೇ ಪಾಲನ್ನು ಈ ಕಂತುಗಳ ನಡುವಿನ ಕಷ್ಟಕ್ಕೆ ಇಟ್ಟುಕೊಳ್ಳಿ. "ಯಾವ ಕಂತು ಬಂತು, ಎಲ್ಲಿಗೆ ನಿಂತಿದೆ?" ಅಂತ ಕೇಳಿದರೆ ಅವರಿಗೂ ಹೇಳಲು ಸುಲಭ. ಫೋನಿನಲ್ಲಿ ಏಪ್ರಿಲ್ 25, ದಸರಾ, ತಿಹಾರ್ (ಅಲ್ಲಿನ ದೀಪಾವಳಿ) ಈ ಮೂರಕ್ಕೂ ರಿಮೈಂಡರ್ ಹಾಕಿಕೊಳ್ಳಿ. ದಸರಾ ಅಲ್ಲಿಯ ಅತಿ ದೊಡ್ಡ ಹಬ್ಬ. ಹಿರಿಯರು ಹಣೆಗೆ ಟೀಕಾ ಇಟ್ಟು ಹರಸುವ ದಿನ. ಹಿರಿಯರನ್ನು ಕಳೆದುಕೊಂಡ ಮನೆಗೆ ಆ ದಿನ ಒಂದು ಕರೆ ಮಾಡಿ.

ಆಮೇಲೆ ಹೋಗಿ

2014ರಲ್ಲಿ ನೇಪಾಳಕ್ಕೆ ಬಂದ ಪ್ರವಾಸಿಗರು ಸುಮಾರು 7.9 ಲಕ್ಷ. 2015ರಲ್ಲಿ ಸುಮಾರು 5.4 ಲಕ್ಷ. ಅನ್ನಪೂರ್ಣದ ದಾರಿಗಳಿಗೆ ಹೆಚ್ಚು ಹಾನಿಯೇ ಆಗಿರಲಿಲ್ಲ. ಆದರೂ ಜನ ಹೆದರಿ ಟಿಕೆಟ್ ರದ್ದು ಮಾಡಿದರು. ಪೋರ್ಟರ್‌ಗಳು, ಗೈಡ್‌ಗಳು, ಚಹಾದಂಗಡಿಯವರು ಒಂದು ಇಡೀ ಹಂಗಾಮು ಕೈಕಟ್ಟಿ ಕುಳಿತರು. ನಿಮ್ಮ ಪ್ರವಾಸ ಮೊದಲೇ ನಿಗದಿಯಾಗಿದ್ದರೆ ರದ್ದು ಮಾಡಬೇಡಿ, ಮುಂದೂಡಿ. ಮುಂಗಡವನ್ನು ವಾಪಸ್ ಕೇಳಬೇಡಿ. ತುರ್ತು ಹಂತ ಮುಗಿದ ಮೇಲೆ ಯಾವ ಜಿಲ್ಲೆ ತೆರೆದಿದೆ ಅಂತ ನಿಮ್ಮ ಗೈಡ್‌ನನ್ನೇ ಕೇಳಿ.

ಲಾಂಗ್‌ಟಾಂಗ್ ಊರು 2015ರಲ್ಲಿ ಹಿಮ, ಬಂಡೆಗಳ ಕೆಳಗೆ ಪೂರ್ತಿ ಹೂತುಹೋಯಿತು. ಉಳಿದವರು ಸ್ವಲ್ಪ ಮೇಲೆ ಹೊಸ ಊರು ಕಟ್ಟಿದ್ದಾರೆ, ಅತಿಥಿಗಳನ್ನು ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಹೋದರೆ ಊರಿನವರ ಮನೆಯಲ್ಲೇ ಉಳಿಯಿರಿ, ಅಲ್ಲೇ ಊಟ ಮಾಡಿ, ಊರಿನ ಗೈಡ್‌ನನ್ನೇ ಕರೆದುಕೊಳ್ಳಿ. ಹೂತುಹೋದ ಜಾಗದ ಮೇಲೆ ನಿಂತು ಸೆಲ್ಫಿ ಬೇಡ, ಅದು ಅವರ ಸ್ಮಶಾನ. ಕಠ್ಮಂಡುವಿನಲ್ಲಿ ಕುಸಿದಿದ್ದ ಕಾಷ್ಠಮಂಡಪವನ್ನು ಊರಿನವರೇ ಮುಂದೆ ನಿಂತು ಮರ, ಇಟ್ಟಿಗೆಯಲ್ಲಿ ಹಳೆಯ ರೀತಿಯಲ್ಲೇ ಮತ್ತೆ ಎಬ್ಬಿಸಿದ್ದಾರೆ, ಅದನ್ನು ನೋಡಿ. ಪ್ರವಾಸ ವಿಮೆ ಮಾಡಿಸುವಾಗ ಎತ್ತರದ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿದೆಯಾ ಕೇಳಿ. ಹೊರಡುವ ಮುಂಚೆ ದಿನವಾರು ಎಲ್ಲಿರುತ್ತೀರಿ ಅನ್ನುವ ಪಟ್ಟಿಯನ್ನು, ಗೈಡ್‌ನ ಫೋನ್ ನಂಬರ್ ಸಮೇತ, ಮನೆಯಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿ.